ಮೀಟರಿನ ಮೇಲಿನ ದೇವಿ

ಇಷ್ಟೆಲ್ಲ ರಾಮಾಯಣಕ್ಕೆ ಕಾರಣವಾದದ್ದು ಮುತ್ತೈದೆಯ ಹಣೆಯ ಕುಂಕುಮಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಸ್ಟಿಕ್ಕರ್. ಸಿಂಹದ ಮೇಲೆ ಕೂತ ದೇವಿಯ ಚಿತ್ರ. ಗೋವರ್ಧನ ಕೊಂಡ ಹಳೇ ಬಿಳಿ ಕಾರಿನಲ್ಲಿ, ಸ್ಟಿಯರಿಂಗಿನ ಹಿಂದೆ, ಮೀಟರಿನ ಗಾಜಿನ ಒಂದು ಮೂಲೆಗೆ ಅದು ಅಂಟಿಕೊಂಡಿತ್ತು. ಅಂಟಿಸಿದವನು ಕಾರು ಮಾರಿದ ಮನುಷ್ಯ. ಅದು ಅವನ ಭಕ್ತಿಯೋ ಚಾಲಾಕಿಯೋ ಆ ತಾಯಿಗೇ ಗೊತ್ತು.

ಗೋವರ್ಧನನಿಗೆ ಬಸವಕಲ್ಯಾಣದ ತಹಸೀಲ್ ಕಚೇರಿಯ ಎದುರು ಝೆರಾಕ್ಸ್ ಅಂಗಡಿ. ಆದರೆ ಓಣಿಯಲ್ಲಿ ಅವನ ಹೆಸರು ನಡೆಯುತ್ತಿದ್ದದ್ದು ಝೆರಾಕ್ಸಿನಿಂದಲ್ಲ, ಗಾಡಿಗಳಿಂದ. ಯಾರು ಹಳೇ ಬೈಕು ಕೊಂಡರೂ, ಯಾರು ಟಂಟಂ ಆಟೋ ತಂದರೂ ಮೊದಲು ಅವನಿಗೆ ತೋರಿಸಬೇಕು. ಅವನು ಟೈರಿಗೆ ಒಂದು ಒದ್ದು, ಆಯಿಲ್ ಕಡ್ಡಿ ಎಳೆದು ಮೂಸಿ, ಕೊನೆಗೆ ಎಂಜಿನ್ನಿಗೆ ಕಿವಿ ಕೊಟ್ಟು ಕಣ್ಣು ಮುಚ್ಚುತ್ತಿದ್ದ. "ಎಂಜಿನ್ ಅಂದ್ರ ಮನಷ್ಯಾನ ಎದಿ ಇದ್ದಂಗ. ಕಿವಿ ಇಟ್ರ ಎಲ್ಲಾ ಹೇಳ್ತದ," ಎನ್ನುತ್ತಿದ್ದ. ಹೋದ ವಾರದವರೆಗೆ ಅವನ ಸ್ವಂತದ್ದು ಎಂದು ಇದ್ದದ್ದು ಒಂದು ಸೈಕಲ್ ಎಂಬುದನ್ನು ಯಾರೂ ಎತ್ತಿ ಆಡಿರಲಿಲ್ಲ. ಈ ಕಾರಿಗೂ ಅವನು ಹಾಗೆಯೇ ಕಿವಿ ಕೊಟ್ಟಿದ್ದ, ಕಣ್ಣು ಮುಚ್ಚಿದ್ದ, "ಫಸ್ಟ್ ಕ್ಲಾಸ್" ಎಂದಿದ್ದ.

ಊರೆಲ್ಲ ಮರ್ಯಾದೆ ಕೊಟ್ಟರೂ ಗೋವರ್ಧನನ ಮನಸ್ಸಿನಲ್ಲಿ ಒಂದು ಮುಳ್ಳು ಮುರಿದುಕೊಂಡಿತ್ತು. ಅದು ಅತ್ತೆ ಚಂದಮ್ಮ. ಮುಡಬಿಯ ಚಂದಮ್ಮ ಹಳೇ ಕಾಲದ ಹೆಂಗಸು. ಅಳಿಯನ ಎದುರು ತಲೆ ಮೇಲಿನ ಸೆರಗು ಜಾರಬಾರದು, ಅಳಿಯನ ಜೊತೆ ನೇರವಾಗಿ ಮಾತಾಡಬಾರದು. ಏನಿದ್ದರೂ ಮಗಳ ಮೂಲಕ. "ಉಮಾ, ನಿನ್ನ ಗಂಡಗ ರೊಟ್ಟಿ ಬೇಕೇನು ಕೇಳು." ಇಬ್ಬರ ನಡುವೆ ಇರುವುದು ಒಂದು ತಾಟಿನಷ್ಟು ಜಾಗ, ಮಾತು ಮಾತ್ರ ಸುತ್ತು ಹಾಕಿ ಬರಬೇಕು. ಪದ್ಧತಿ ಅಂದರೆ ಪದ್ಧತಿ ಎಂದು ಗೋವರ್ಧನ ಸುಮ್ಮನಿರುತ್ತಿದ್ದನೋ ಏನೋ. ಆದರೆ ಹುಮನಾಬಾದಿನ ಕಿರಿಯ ಅಳಿಯ ಶರಣಕುಮಾರ ಹೊಸ ಕಾರು ತಂದಂದಿನಿಂದ ಚಂದಮ್ಮನ ಪದ್ಧತಿ ಅವನ ಮಟ್ಟಿಗೆ ಸಡಿಲಾಗಿತ್ತು. "ಅಪ್ಪಾ ಶರಣೂ, ಉಂಡೀ ಏನು?" ಎಂದು ನೇರವಾಗಿ ಕೇಳುತ್ತಿದ್ದಳು. ಹಿರಿಯ ಅಳಿಯನಿಗೆ ಇದು ಬಹಳ ನೋಯುತ್ತಿತ್ತು. ಖರೆ ಹೇಳಬೇಕೆಂದರೆ ಅವನು ಕಾರು ಕೊಂಡದ್ದೇ ಅದಕ್ಕೆ.

ಆ ದಿನ ಹುಮನಾಬಾದಿನಲ್ಲಿ ಶರಣಕುಮಾರನ ಹೆಂಡತಿ ದೀಪಾಲಿಯ ಕುಬಸ. ಬಸುರಿ ಮಗಳಿಗೆ ತವರಿನವರು ಹಸಿರು ಸೀರೆ, ಹಸಿರು ಬಳೆ ಒಯ್ಯಬೇಕು. ಚಂದಮ್ಮ ಹಿಂದಿನ ದಿನವೇ ಬಸ್ಸಿಗೆ ಬಂದು ಹಿರಿಯ ಮಗಳ ಮನೆಯಲ್ಲಿ ಇಳಿದಿದ್ದಳು. ಹೊತ್ತು ಏರುವಷ್ಟರಲ್ಲಿ ಕಾರಿನ ಹಿಂದೆ ಸೀರೆಯ ಗಂಟು, ಬಳೆಯ ಡಬ್ಬಿ, ಕರ್ಚಿಕಾಯಿ, ಶೇಂಗಾ ಹೋಳಿಗೆಯ ಬುಟ್ಟಿ ಸೇರಿದವು. ಗೋವರ್ಧನ ಇಸ್ತ್ರಿ ಅಂಗಿ ಹಾಕಿ, ಓಣಿಯವರೆಲ್ಲ ನೋಡಲಿ ಎಂದು ಒಂದು ಸಲ ಸುಮ್ಮನೆ ಬಾನೆಟ್ ಎತ್ತಿ ಇಳಿಸಿ, ಸೀಟಿನಲ್ಲಿ ಕೂತ. ಕೀ ತಿರುವಿದ.

ಎಂಜಿನ್ ಶುರುವಾಯಿತು. ಆದರೆ ಶುರುವಾದ ರೀತಿ ಸರಿ ಇರಲಿಲ್ಲ. ಬಿಕ್ಕಳಿಕೆ ಹತ್ತಿದವರಂತೆ ಗಾಡಿ ಮೈ ಅಲುಗಿಸಿತು. ಅಷ್ಟರಲ್ಲಿ ಬಾಜು ಮನೆಯ ರುಕ್ಮಿಣಿಬಾಯಿ ಆರತಿ ತಟ್ಟೆ ಹಿಡಿದು ಬಂದಳು. ಕರೆಯದೆ ಬರುವುದರಲ್ಲಿ ಅವಳದು ಮೊದಲ ನಂಬರು. ಬಾನೆಟ್ಟಿಗೆ ಕುಂಕುಮ ಹಚ್ಚಿ, ಸ್ಟಿಯರಿಂಗಿಗೂ ಒಂದಿಷ್ಟು ಇರಲಿ ಎಂದು ಕಿಟಕಿಯಲ್ಲಿ ಕೈ ತೂರಿಸಿದವಳು ಹಾಗೆಯೇ ನಿಂತುಬಿಟ್ಟಳು.

"ಯವ್ವಾ! ಚಂದವ್ವಾ! ಇಲ್ಲಿ ನೋಡ ಬಾ! ದೇವಿ ಮಾರಿ ಮ್ಯಾಗ ಬೆಳಕು ಬಂದದ!"

ನಿಜವಾಗಿಯೂ ಸ್ಟಿಕ್ಕರಿನೊಳಗಿನ ದೇವಿ ಹೊಂಬಣ್ಣದಲ್ಲಿ ಬೆಳಗುತ್ತಿದ್ದಳು. ಮುಖ, ಕಿರೀಟ, ಸಿಂಹದ ಬಾಲದ ತುದಿ, ಎಲ್ಲವೂ.

ಗೋವರ್ಧನನೂ ಒಂದು ಗಳಿಗೆ ಕೈ ಮುಗಿದ. ಎರಡನೇ ಗಳಿಗೆಗೆ ಅರ್ಥವಾಯಿತು. ಎಂಜಿನ್ನಿನಲ್ಲಿ ಏನೋ ಕೆಟ್ಟಿದೆ ಎಂದು ಹೇಳುವ ಹಳದಿ ದೀಪ ಇರುವುದೇ ಆ ಮೂಲೆಯಲ್ಲಿ. ಮೊಬೈಲಿನಲ್ಲಿ ಅದರ ವಿಡಿಯೋ ಎಷ್ಟು ಸಲ ನೋಡಿದ್ದಾನೆ! ಮಾರಿದವನು ದೀಪವನ್ನು ಹೇಗೋ ಆರಿಸಿ ಕೊಟ್ಟಿದ್ದಾನೆ, ಇವತ್ತು ಅದು ಮತ್ತೆ ಹತ್ತಿದೆ. ಅಯ್ಯೋ ನನ್ನ ಕರ್ಮವೇ ಎಂದುಕೊಂಡ. ಹೇಳಿದರೆ ಕಿವಿ ಇಟ್ಟು ಕೊಂಡ ಗಾಡಿ ಡಬ್ಬಾ ಎಂದು ಓಣಿಯೆಲ್ಲ ನಗುತ್ತದೆ. ಆದರೂ ಸುಳ್ಳು ಹೇಳುವ ಮನುಷ್ಯನಲ್ಲ ಅವನು. "ಏ, ಅದೇನೂ ಇಲ್ರಿ, ಅದು..." ಎಂದು ಬಾಯಿ ತೆರೆದ.

ಆಗ ಚಂದಮ್ಮ ಕಿಟಕಿಯ ಹತ್ತಿರ ಬಂದಳು. ದೇವಿಯನ್ನು ನೋಡಿದಳು. ಅವಳ ಕಣ್ಣಲ್ಲಿ ನೀರು ತುಂಬಿತು. ಸೆರಗು ಜಾರಿದ್ದೂ ತಿಳಿಯದೆ, ಮಗಳ ಕಡೆ ತಿರುಗದೆ, ಸೀದಾ ಗೋವರ್ಧನನ ಮುಖ ನೋಡಿ ಹೇಳಿದಳು:

"ಅಳಿಯಂದ್ರ, ನೀವು ಪುಣ್ಯವಂತರದೀರಿ. ತಾಯಿ ತಾನಾಗೇ ನಿಮ್ಮನ್ನ ಹುಡುಕ್ಕೊಂಡು ಬಂದಾಳ."

ಮದುವೆಯಾದಾಗಿನಿಂದ ಗೋವರ್ಧನ ಕಾದ ಮಾತು ಅದು. ಬಂದ ಮಾತನ್ನು ಹಳದಿ ಬಲ್ಬಿನ ಹೆಸರು ಹೇಳಿ ಕಳೆದುಕೊಳ್ಳಲು ಯಾವ ಗಂಡಸಿಗೆ ಮನಸ್ಸು ಬಂದೀತು?

"ಎಲ್ಲಾ ನಿಮ್ಮ ಆಶೀರ್ವಾದ, ಅತ್ತಿಯವ್ರ," ಎಂದುಬಿಟ್ಟ.

ಅಲ್ಲಿಂದ ಮುಂದೆ ಅವನ ಕೈಯಲ್ಲಿ ಏನೂ ಉಳಿಯಲಿಲ್ಲ. ರುಕ್ಮಿಣಿಬಾಯಿಯ ಗಂಟಲು ಓಣಿಗೆ ಡಂಗುರವಿದ್ದಂತೆ. ತೆಂಗಿನಕಾಯಿ ಬಂದವು, ಊದಿನಕಡ್ಡಿ ಬಂತು, ಯಾರೋ ಕೂಸನ್ನು ತಂದು ಸ್ಟಿಯರಿಂಗಿಗೆ ಹಣೆ ಮುಟ್ಟಿಸಿದರು. ಹಾರನ್ ಬಡಿದು ಕೂಸು ಕಿರುಚಿತು. ಎಂಜಿನ್ ಬಂದ್ ಮಾಡಿದರೆ ದೇವಿ ಮಾಯವಾಗುತ್ತಾಳೋ ಏನೋ ಎಂದು ಗೋವರ್ಧನ ಬಂದ್ ಮಾಡಲಿಲ್ಲ. ಅರ್ಧ ಪೆಟ್ರೋಲು ಅಲ್ಲೇ ಉರಿಯಿತು. ಕುಬಸಕ್ಕೆ ತಡವಾಗುತ್ತದೆ ಎಂದು ಹೆಂಡತಿ ಉಮಾದೇವಿ ಕಿರುಚಾಡಿದ ಮೇಲೆಯೇ ಕಾರು ಓಣಿ ಬಿಟ್ಟಿತು.

ಹೈವೇ ಹತ್ತಿದ ಮೇಲೆ ಶುರುವಾಯಿತು ನಿಜವಾದ ಆಟ. ಒತ್ತಿದರೆ ಓಡುವುದಿಲ್ಲ, ಬಿಟ್ಟರೆ ನಿಲ್ಲುವುದಿಲ್ಲ. ಸೇತುವೆಯ ಏರಿನಲ್ಲಂತೂ ಗಾಡಿ ಜಗ್ಗಿ ಜಗ್ಗಿ ನಿಂತೇಬಿಡುವಂತೆ ಮಾಡಿತು. ಹಿಂದೆ ಕಬ್ಬಿನ ಲಾರಿಯವನು ಹಾರನ್ ಬಾರಿಸಿ ಬಾರಿಸಿ, ದಾಟಿ ಹೋಗುವಾಗ ಏನೋ ಅಂದು ಹೋದ. ಜಗ್ಗಿದಾಗಲೆಲ್ಲ ಹಳದಿ ದೀಪ ಪಿಳಿ ಪಿಳಿ ಮಿನುಗುತ್ತಿತ್ತು.

"ರೀ, ಗಾಡಿ ಯಾಕ ಹಿಂಗ ಬಿಕ್ಕಾಕತ್ತದ?" ಎಂದಳು ಉಮಾದೇವಿ. ಅವಳ ದನಿಯಲ್ಲಿ ಭಕ್ತಿ ಅಷ್ಟಾಗಿ ಇರಲಿಲ್ಲ.

"ಸುಮ್ಮ ಕೂಡ!" ಚಂದಮ್ಮ ಮಗಳನ್ನು ಗದರಿದಳು. "ತಾಯಿ ಮೈದುಂಬ್ಯಾಳ. ಕಣ್ಣ ಪಿಳಿಪಿಳಿ ಮಾಡಾಕತ್ತಾಳ, ಕಾಣಂಗಿಲ್ಲೇನು? ಅಳಿಯಂದ್ರ, ನೀವು ಸಾವಕಾಶ ನಡಸ್ರಿ. ಆಕಿ ಹ್ಯಾಂಗ ಅಂತಾಳ ಹಂಗ."

ಮತ್ತೆ ನೇರವಾದ ಮಾತು! ಗೋವರ್ಧನ ಎದೆ ಉಬ್ಬಿಸಿ ಎರಡನೇ ಗೇರಿಗೆ ಇಳಿಸಿದ. ಎಂಜಿನ್ ಸುಡುತ್ತದೆಯೋ ಏನೋ ಎಂದು ಮೂಗು ಸುಟ್ಟ ವಾಸನೆ ಹುಡುಕುತ್ತಿತ್ತು. ಆದರೆ ಮುಖದಲ್ಲಿ ಅರ್ಚಕರ ಗಾಂಭೀರ್ಯ. ಹೀಗೆ ಎತ್ತಿನ ಗಾಡಿಗೆ ಹೊಟ್ಟೆಕಿಚ್ಚಾಗದಷ್ಟು ನಿಧಾನವಾಗಿ ಅವರು ಹುಮನಾಬಾದ್ ಮುಟ್ಟಿದರು.

ಶರಣಕುಮಾರನ ಮನೆಯ ಮುಂದೆ ಅವನ ಹೊಸ ಕಾರು ಫಳಫಳ ಹೊಳೆಯುತ್ತ ನಿಂತಿತ್ತು. ಚಂದಮ್ಮ ಅದರ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಇಳಿದವಳೇ ಕುಬಸಕ್ಕೆ ಬಂದ ಹೆಂಗಸರನ್ನೆಲ್ಲ ಕರೆದು ಹಳೇ ಕಾರಿನ ಕಿಟಕಿಗೆ ನಿಲ್ಲಿಸಿದಳು. ಹಸಿರು ಸೀರೆ ಉಟ್ಟ ದೀಪಾಲಿಯೂ ಬಂದು ಕೈ ಮುಗಿದಳು. ಕೊನೆಗೆ ಶರಣಕುಮಾರ ಬಗ್ಗಿ ನೋಡಿದ, ನಕ್ಕ.

"ಅಣ್ಣಾರ, ಇದು ಎಂಜಿನ್ ಲೈಟ್ ಅಲ್ಲೇನ್ರಿ? ಸ್ಟಿಕ್ಕರ್ ಹಿಂದ ಬಲ್ಬ್ ಹತ್ತ್ಯಾದ, ಅಷ್ಟ. ನಿಮ್ಮ ಎಂಜಿನ್ ಮಿಸ್ ಹೊಡ್ಯಾಕತ್ತದ."

ಗೋವರ್ಧನ ಬೆವರು ಒರೆಸಿಕೊಂಡ. ಆದರೆ ಅವನ ಪರ ವಾದಿಸಲು ವಕೀಲರು ಹುಟ್ಟಿಕೊಂಡರು.

"ಬಲ್ಬ್ ಅಂತ ಬಲ್ಬ್!" ಚಂದಮ್ಮ ಸೊಂಟಕ್ಕೆ ಕೈ ಇಟ್ಟಳು. "ಹಂಗಾರ ನಿನ್ನ ಹೊಸಾ ಗಾಡ್ಯಾಗ ಯಾಕ ಹತ್ತಿಲ್ಲೋ? ಅಷ್ಟು ದೊಡ್ಡ ಗಾಡಿ, ಒಂದು ಬೆಳಕಿಲ್ಲ ಏನಿಲ್ಲ!"

ನೆರೆದ ಹೆಂಗಸರೆಲ್ಲ ಹೊಸ ಕಾರಿನ ಕಡೆ ಮರುಕದಿಂದ ನೋಡಿದರು. ಶರಣಕುಮಾರನ ಕಿವಿ ಕೆಂಪಾಯಿತು.

"ಆಯ್ತಪ. ಇಲ್ಲೇ ನಮ್ಮ ಅಬ್ದುಲ್ ರಜಾಕ್ ಭಾಯ್ ಗ್ಯಾರೇಜ್ ಅದ. ಅಣ್ಣಾರು ಗಾಡಿ ಒಯ್ದು ರಿಪೇರಿ ಮಾಡಿಸ್ಕೊಂಡು ಬರ್ಲಿ. ಬಲ್ಬ್ ಇತ್ತಂದ್ರ ಆರತದ. ದೇವಿ ಇದ್ಳಂದ್ರ ಹಂಗೇ ಇರ್ತಾಳ. ಏನಂತೀರಿ?"

"ಹೋಗಿ ಬರ್ರಿ ಅಳಿಯಂದ್ರ," ಎಂದಳು ಚಂದಮ್ಮ, ಒಂದು ಕ್ಷಣವೂ ತಡಮಾಡದೆ. "ಇವ್ನ ಬಾಯಿ ಬಂದ್ ಆಗ್ಲಿ."

ಗೋವರ್ಧನನಿಗೆ ಹೂಂ ಅನ್ನದೆ ಬೇರೆ ದಾರಿ ಇರಲಿಲ್ಲ. "ಅದಕ್ಕೇನು, ಈಗ ಬಂದೆ," ಎಂದ, ಪರೀಕ್ಷೆಯ ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕ ಹುಡುಗನ ಧೈರ್ಯದಲ್ಲಿ. ಸಿಕ್ಕಿರಲಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಅಬ್ದುಲ್ ರಜಾಕ್ ಆಜಾನುಬಾಹು. ಮಾತೂ ಅಷ್ಟೇ ದೊಡ್ಡದು. ಶರಣಕುಮಾರ ಆಗಲೇ ಫೋನ್ ಮಾಡಿ ಹೇಳಿದ್ದ. ಬಾನೆಟ್ ಎತ್ತುವ ಮೊದಲೇ ರಜಾಕ್ ಒಂದು ಶರತ್ತು ಹಾಕಿದ.

"ನೋಡ್ರಿ ಸಾಬ್, ಎಂಜಿನ್ ಬಿಚ್ಚು ಅಂದ್ರ ಬಿಚ್ತೀನಿ. ಸ್ಟಿಕ್ಕರ್ ಮಾತ್ರ ಮುಟ್ಟಂಗಿಲ್ಲ. ನಿಮ್ಮ ದೇವ್ರು, ನೀವು."

ಆಮೇಲೆ ಕೈಯಗಲದ ಒಂದು ಯಂತ್ರವನ್ನು ಸ್ಟಿಯರಿಂಗಿನ ಕೆಳಗೆ ಸಿಕ್ಕಿಸಿ, ಅದರ ಪರದೆ ನೋಡಿ ನಾಲಿಗೆ ಲೊಚಗುಟ್ಟಿದ. "ಮೂರನೇ ನಂಬರ್ ಕಾಯಿಲ್ ಹೋಗ್ಯಾದ್ರಿ, ಕಿಡಿನೇ ಬರವಲ್ದು. ನಾಲ್ಕು ಮಂದಿ ಎಳಿಯೋ ಗಾಡಿ, ಒಬ್ಬಾಂವ ಮಲಗ್ಯಾನ. ಹಿಂಗೇ ಇನ್ನೊಂದಿಷ್ಟು ದಿನ ಓಡಿಸಿದ್ರ ಖಲಾಸ್."

"ನಾ ಕಿವಿ ಇಟ್ಟು ನೋಡಿದ್ದೆ ಭಾಯ್, ಏನೂ ಕೇಳಿರ್ಲಿಲ್ಲ."

"ಕಿವಿ ಇಟ್ರ ಕಿವಿ ಸುಡ್ತದ್ರಿ. ಮತ್ತೇನಾಗಂಗಿಲ್ಲ."

ಗೋವರ್ಧನ ಈ ಮಾತನ್ನು ಕೇಳದವನಂತೆ ರಸ್ತೆಯ ಕಡೆ ನೋಡಿದ. ಹೊಸ ಕಾಯಿಲ್ ಕೂತಿತು. ಕೀ ತಿರುವಿದಾಗ ದೇವಿ ಬೆಳಗಿದಳು. ಎಂಜಿನ್ ಶುರುವಾದ ಕೂಡಲೇ ಆರಿಹೋದಳು. ಗಾಡಿ ಮಾತ್ರ, ಆಹಾ! ಬಿಕ್ಕಳಿಕೆ ಇಲ್ಲ, ಜಗ್ಗಾಟ ಇಲ್ಲ, ತುಪ್ಪದಲ್ಲಿ ಬೆರಳು ಆಡಿಸಿದ ಹಾಗೆ. ರಜಾಕ್ ಅಲ್ಲೇ ನಿಂತು ಶರಣಕುಮಾರನಿಗೆ ಫೋನ್ ಮಾಡಿ, "ಕಾಮ್ ಪೂರಾ ಹೋ ಗಯಾ. ಗಾಡಿ ಮಖ್ಖನ್," ಎಂದು ಹೇಳಿದ.

ಗೋವರ್ಧನನಿಗೆ ಕುಣಿಯಬೇಕೆನಿಸಿತು. ನನ್ನ ಗಾಡಿ, ನನ್ನ ಫಸ್ಟ್ ಕ್ಲಾಸ್ ಗಾಡಿ! ಮರುಕ್ಷಣ ಮೀಟರಿನ ಮೂಲೆಯಲ್ಲಿ ಬೆಳಕಿಲ್ಲದೆ ಕಪ್ಪಾದ ಸ್ಟಿಕ್ಕರಿನ ಮೇಲೆ ಕಣ್ಣು ಬಿತ್ತು. ಶರಣಕುಮಾರನ ನಗು ಕಂಡಿತು. ಚಂದಮ್ಮ ಸೆರಗು ಮುಂದೆಳೆದುಕೊಂಡು ತಿರುಗುವುದು ಕಂಡಿತು. 'ಉಮಾ, ನಿನ್ನ ಗಂಡಗ ಹೇಳು...'

"ಭಾಯ್," ಎಂದ ಸಣ್ಣ ದನಿಯಲ್ಲಿ. "ಆ ದೀಪ ವಾಪಸ್ ಹಚ್ಚಾಕ ಆಗ್ತದೇನು?"

ರಜಾಕ್ ಬೋಲ್ಟು ಬಿಚ್ಚುವ ಪಾನಾ ಕೆಳಗಿಟ್ಟ. "ಇಡೀ ಜಿಂದಗಿ ಈ ದೀಪ ಆರಿಸಿ ರೊಟ್ಟಿ ತಿಂದೋನ್ರಿ ನಾ. ಹಚ್ಚು ಅಂತ ಬಂದೋರು ನೀವೇ ಮೊದಲು."

ಗೋವರ್ಧನ ಎಲ್ಲವನ್ನೂ ಹೇಳಿದ. ಅತ್ತೆ, ಸೆರಗು, ಉಮಾ, ಶರಣಕುಮಾರ, ಹೊಸ ಕಾರು. ಕೇಳುತ್ತ ಕೇಳುತ್ತ ರಜಾಕನ ಮುಖ ಮೆತ್ತಗಾಯಿತು. ಅವನಿಗೂ ಭಾಲ್ಕಿಯಲ್ಲಿ ಒಬ್ಬ ಅತ್ತೆ ಇದ್ದಳು.

"ಸುಳ್ಳು ನಾ ಹೇಳಂಗಿಲ್ಲ. ರಿಪೇರಿ ಆಗ್ಯಾದ ಅಂದೀನಿ, ಅದು ಖರೇನೇ," ಎನ್ನುತ್ತ ಅವನು ಗಾಡಿಯ ಕೆಳಗೆ ತೂರಿ, ಸೈಲೆನ್ಸರಿನ ಹತ್ತಿರದ ಒಂದು ಸೆನ್ಸರಿನ ವಯರ್ ಬಿಚ್ಚಿ ಮೇಲೆ ಕಟ್ಟಿದ. "ಇದ್ರಿಂದ ಓಡಾಟಕ್ಕ ಏನೂ ತ್ರಾಸಿಲ್ಲ. ದೀಪ ಮಾತ್ರ ಹತ್ತೇ ಇರ್ತದ. ಸಾಕಾದಾಗ ಬರ್ರಿ, ಜೋಡಸ್ತೀನಿ."

ಎಂಜಿನ್ ಶುರುವಾಯಿತು. ದೇವಿ ಕಣ್ಣು ಬಿಟ್ಟಳು. ಮಿನುಗಲಿಲ್ಲ, ಅಲುಗಲಿಲ್ಲ, ಸ್ಥಿರವಾಗಿ ಬೆಳಗಿದಳು. ಎಂಜಿನ್ನೂ ಗಟ್ಟಿ, ಅತ್ತೆಯೂ ಗಟ್ಟಿ. ಬಸವಕಲ್ಯಾಣದಿಂದ ಹುಮನಾಬಾದಿನವರೆಗೆ ತನ್ನಂಥ ಬುದ್ಧಿವಂತ ಇನ್ನೊಬ್ಬನಿಲ್ಲ ಎಂದು ಗೋವರ್ಧನನಿಗೆ ಖಾತ್ರಿಯಾಯಿತು.

ಅಂಗಳದಲ್ಲಿ ಶರಣಕುಮಾರ ಕಿಟಕಿಯಲ್ಲಿ ಬಗ್ಗಿದ. ಎಂಜಿನ್ ಸದ್ದು ಕೇಳಿದ, ದೀಪ ನೋಡಿದ, ಮತ್ತೆ ಎಂಜಿನ್ ಸದ್ದು ಕೇಳಿದ. ರಜಾಕ್ ಭಾಯ್ ಸುಳ್ಳು ಹೇಳುವವನಲ್ಲ ಎಂಬುದು ಅವನಿಗೆ ಗೊತ್ತಿತ್ತು. ನಿಧಾನವಾಗಿ ಚಪ್ಪಲಿ ಬಿಟ್ಟ, ಕೈ ಮುಗಿದ.

"ತಪ್ಪಾಯ್ತ್ರಿ ಅಣ್ಣಾರ," ಎಂದ. ಆಮೇಲೆ ತನ್ನ ಹೊಸ ಕಾರಿನ ಕೀ ತಂದು ದೇವಿಗೆ ಮುಟ್ಟಿಸಿಕೊಂಡು ಹೋದ.

ಕುಬಸದ ಊಟದಲ್ಲಿ ಚಂದಮ್ಮ ತಾನೇ ಮುಂದೆ ನಿಂತು ಬಡಿಸಿದಳು. "ಅಳಿಯಂದ್ರ, ಇನ್ನೊಂದು ಹೋಳಿಗಿ. ಅಳಿಯಂದ್ರ, ತುಪ್ಪ." ಗೋವರ್ಧನ ಹೊಟ್ಟೆ ಬಿರಿಯುವಷ್ಟು ತಿಂದ. ಹೋಳಿಗೆಗಿಂತ 'ಅಳಿಯಂದ್ರ' ಅನ್ನುವುದೇ ಅವನಿಗೆ ಹೆಚ್ಚು ರುಚಿಸಿತು.

ಅತ್ತೆಯನ್ನು ಬಸ್ಸಿಗೆ ಕಳಿಸುವ ಮಾತೇ ಬರಲಿಲ್ಲ. ಸೀದಾ ಮುಡಬಿಗೆ ಬಿಡುವುದೆಂದಾಯಿತು. ದಾರಿಯುದ್ದಕ್ಕೂ ಗಾಡಿ ಹಕ್ಕಿಯಂತೆ ಹಾರಿತು. ಮುಂಜಾನೆ ಬೈದು ಹೋದಂಥ ಎಷ್ಟೋ ಲಾರಿಗಳನ್ನು ಗೋವರ್ಧನ ಹಿಂದೆ ಹಾಕಿದ. ಇಷ್ಟು ಸುಖವಾದ ದಿನ ತನ್ನ ಜನ್ಮದಲ್ಲಿ ಬಂದಿರಲಿಲ್ಲ ಎಂದುಕೊಂಡ.

ಮುಡಬಿಯಲ್ಲಿ ಮನೆಯ ಮುಂದೆ ಜನ ಆಗಲೇ ಸೇರಿದ್ದರು. ಚಂದಮ್ಮ ದಾರಿಯಲ್ಲೇ ಫೋನ್ ಮಾಡಿ ಹೇಳಿದ್ದಳು. ಬೇವಿನ ಗಿಡದ ಕೆಳಗೆ ನೆಲ ಸಾರಿಸಿ, ರಂಗೋಲಿ ಹಾಕಿ, ನಾಲ್ಕು ಗಳ ನೆಟ್ಟು ಮೇಲೆ ತಾಡಪತ್ರಿ ಕಟ್ಟಿದ್ದರು. ಬಾಜಾ ಬಜಂತ್ರಿಯವರೂ ಇದ್ದರು.

"ಇದೆಲ್ಲಾ ಯಾಕ್ರಿ ಅತ್ತಿಯವ್ರ?" ಎಂದ ಗೋವರ್ಧನ, ನಾಚಿಕೊಂಡು. ತನ್ನನ್ನು ಎಲ್ಲಿ ಕೂಡಿಸುತ್ತಾರೋ ಎಂದು ಯೋಚಿಸುತ್ತಿದ್ದ.

"ಗಾಡಿ ಆ ಚಪ್ಪರದ ಕೆಳಗ ಹಚ್ರಿ," ಎಂದಳು ಚಂದಮ್ಮ. ಒಯ್ದು ನಿಲ್ಲಿಸಿದ. "ಎಂಜಿನ್ ಬಂದ್ ಮಾಡ್ರಿ. ದೀಪ ಆರಬಾರ್ದು." ಎಂಜಿನ್ ಬಂದ್ ಮಾಡಿ ಕೀ ಮಾತ್ರ ತಿರುವಿಟ್ಟ. ದೇವಿ ಬೆಳಗುತ್ತಲೇ ಇದ್ದಳು. ಚಂದಮ್ಮ ಊರ ಜನರ ಕಡೆ ತಿರುಗಿ ದೊಡ್ಡ ದನಿಯಲ್ಲಿ ಹೇಳಿದಳು:

"ರೋಡಿನ್ಯಾಗ ಪಂಚರ್ ಆಗಿ, ಕೆಸರು ಬಡ್ಕೊಂಡು ಓಡಾಡೋ ವಸ್ತು ಅಲ್ಲ ಇದು. ಇನ್ನ ತಾಯಿ ಇಲ್ಲೇ ಕೂಡ್ತಾಳ. ಈ ದೀಪ ನಂದಾದೀಪ. ನಮ್ಮ ಹಿರಿ ಅಳಿಯ ಕೊಟ್ಟಿದ್ದು!"

ಬಾಜಾ ಬಾರಿಸಿತು. ನಂದಾದೀಪ ಎಂದ ಮೇಲೆ ಎಂದಿಗೂ ಆರಬಾರದು. ಜನ ಗೋವರ್ಧನನ ಕೊರಳಿಗೆ ಹಾರ ಹಾಕಿದರು. ಅವನ ಹೊಟ್ಟೆಯೊಳಗಿನ ಹೋಳಿಗೆಗಳೆಲ್ಲ ಒಮ್ಮೆಲೇ ಕಲ್ಲಾದವು.

"ಹೇಳಿಬಿಡ್ರಿ ಇನ್ನಾರ," ಎಂದು ಉಮಾದೇವಿ ಕಿವಿಯಲ್ಲಿ ಪಿಸುಗುಟ್ಟಿದಳು. ಸೇತುವೆಯ ಏರಿನಲ್ಲೇ ಅವಳಿಗೆ ಎಲ್ಲ ತಿಳಿದಿತ್ತು.

ಏನಂತ ಹೇಳುವುದು? ಬಲ್ಬ್ ಎಂದರೆ, ಮುಂಜಾನೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ. ವಯರ್ ಬಿಚ್ಚಿಸಿದ್ದು ಹೊರಬಂದರೆ ಶರಣಕುಮಾರ ಸಾಯುವವರೆಗೂ ನಗುತ್ತಾನೆ. ಗೋವರ್ಧನ ಕೊನೆಯದೊಂದು ಪ್ರಯತ್ನ ಮಾಡಿದ. "ಅತ್ತಿಯವ್ರ, ಹಿಂಗ ಕೀ ತಿರುವಿಟ್ರ ಮುಂಜಾನಿ ಅನ್ನೂದ್ರಾಗ ಬ್ಯಾಟ್ರಿ ಇಳೀತದ್ರಿ."

ಚಂದಮ್ಮ ಅವನ ಮುಖವನ್ನೇ ನೋಡಿದಳು. ಎಂಥ ಪ್ರೀತಿ, ಎಂಥ ನಂಬಿಕೆ ಆ ನೋಟದಲ್ಲಿ!

"ಇಳೀಲಿ ಬಿಡ್ರಿ. ಗಾಡಿ ಬಲ್ಲ ಅಳಿಯಂದ್ರು ನೀವಿದ್ದೀರಲ್ಲ."

ಆ ಸಂಜೆ ಗಂಡ ಹೆಂಡತಿ ಖಾಲಿ ಬುಟ್ಟಿ ಹಿಡಿದು ಟಂಟಂನಲ್ಲಿ ಬಸವಕಲ್ಯಾಣಕ್ಕೆ ಮರಳಿದರು.

ಮರುದಿನ ಮುಂಜಾನೆ ಚಹಾ ಕುಡಿಯುವ ಮೊದಲೇ ಫೋನ್ ಬಂತು. ಮಗಳಿಗಲ್ಲ, ನೇರವಾಗಿ ಅವನಿಗೇ.

"ಅಳಿಯಂದ್ರ, ತಾಯಿ ಕಣ್ಣ ಮುಚ್ಯಾಳ. ಜಲ್ದಿ ಬರ್ರಿ."

ಗೋವರ್ಧನ ಪೇಟೆಯಲ್ಲಿ ಚಾರ್ಜ್ ಮಾಡಿದ ಬ್ಯಾಟರಿಯೊಂದನ್ನು ಬಾಡಿಗೆಗೆ ತಂದು, ಟವೆಲ್ಲಿನಲ್ಲಿ ಸುತ್ತಿ, ಬಾಣಂತಿಯ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಮುಡಬಿಯ ಟಂಟಂ ಹತ್ತಿದ. ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಟಂಟಂ ಬಿಕ್ಕಳಿಸತೊಡಗಿತು. ಜಗ್ಗಿತು, ನಿಂತಿತು, ಮತ್ತೆ ಜಗ್ಗಿತು. ಡ್ರೈವರ್ ಕನ್ನಡಿಯಲ್ಲಿ ಅವನನ್ನೂ ಅವನ ತೊಡೆಯ ಮೇಲಿನ ಬ್ಯಾಟರಿಯನ್ನೂ ನೋಡಿದ.

"ಅಣ್ಣಾರ, ಬ್ಯಾಟ್ರಿ ಹಿಡ್ಕೊಂಡು ಹೊಂಟೀರಿ, ಗಾಡಿ ಕೆಲಸ ಬಲ್ಲವರು ಕಾಣ್ತೀರಿ. ಇದು ಯಾಕ ಹಿಂಗ ಮಾಡಾಕತ್ತದ, ಜರಾ ಕಿವಿ ಇಟ್ಟು ನೋಡ್ತೀರೇನು?"

ಗೋವರ್ಧನ ಬ್ಯಾಟರಿಯನ್ನು ಇನ್ನಷ್ಟು ಎದೆಗೆ ಒತ್ತಿಕೊಂಡು ಹೊಲದ ಕಡೆ ಮುಖ ತಿರುಗಿಸಿದ.

"ನಂಗ ಗಾಡಿ ಬಗ್ಗಿ ಏನೂ ತಿಳಿಯಂಗಿಲ್ಲಪ," ಎಂದ. "ನಾ ಪೂಜಾರಿ ಅದೀನಿ."